ಟೇಬಲ್ ಬೇಕಾದ ಕಡೆ ಫೋಟೋ, ಬೇಡವಾದ ಕಡೆ ಟೇಬಲ್: ಬಳ್ಳಾರಿಯಲ್ಲಿ ವೆಬ್‌ಸೈಟ್ ಮಾಡಿಸಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ಟೇಬಲ್ ಅಂದರೆ ಇಲ್ಲಿ ಅಡ್ಡ ಸಾಲು, ಉದ್ದ ಕಾಲಂ ಇರುವ ಖಾನೆಗಳ ಪಟ್ಟಿ. ಇನ್ನು ವೆಬ್‌ಸೈಟ್ ಮಾಡಿಕೊಟ್ಟ ಅಂಗಡಿಯ ಹೆಸರು ಬರೆಯುವುದಿಲ್ಲ. ಬಳ್ಳಾರಿ ಅಷ್ಟು ದೊಡ್ಡ ಊರಲ್ಲ, ನಾಳೆ ರಾಯಲ್ ಸರ್ಕಲ್‌ನಲ್ಲಿ ಎದುರಿಗೆ ಸಿಗುವ ಜನ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ ಈಗ. ಆದರೆ ದುಡ್ಡು ಕೊಟ್ಟು ಏನು ತಗೊಂಡೆ, ಅದರಲ್ಲಿ ಏನು ಕೆಟ್ಟಿತ್ತು, ಯಾವುದನ್ನು ಸರಿ ಮಾಡಿಕೊಟ್ಟರು ಅಂತ ಬರೆದಿಟ್ಟರೆ, ಮುಂದೆ ಯಾರಾದರೂ ಅಡ್ವಾನ್ಸ್ ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಬಹುದು ಅಲ್ವಾ. ರೇಟಿಂಗ್ ಮಾತ್ರ ನೋಡಿ ಹೋಗುವವರಿಗೆ: ಮೊದಲ ತಿಂಗಳು ಐದಕ್ಕೆ ಒಂದೂವರೆ, ಈಗ ಮೂರೂವರೆ.

ನಮ್ಮದು ಕೌಲ್ ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಯೂನಿಟ್. ಹದಿನಾಲ್ಕು ಮಷಿನ್. ಬಳ್ಳಾರಿ ಜೀನ್ಸ್ ಕಥೆ ಗೊತ್ತಿದ್ದವರಿಗೆ ಹೊಸದೇನಿಲ್ಲ, ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ವಾಷಿಂಗ್ ಮತ್ತೊಂದು ಕಡೆ, ಗುಂಡಿ ಹೊಡೆದು ದಾರ ಕತ್ತರಿಸೋದು ಯಾರದೋ ಮನೆಯಲ್ಲಿ. ಒಂದು ಪ್ಯಾಂಟು ಊರೆಲ್ಲ ಸುತ್ತಿಕೊಂಡು ಬಂದು ಕೊನೆಗೆ ಬಂಡಲ್ ಸೇರುತ್ತೆ. ಮಾರೋದು ಸೆಟ್ ಲೆಕ್ಕದಲ್ಲಿ. 28ರಿಂದ 36ರವರೆಗೆ ಐದು ಸೈಜು ಸೇರಿದರೆ ಒಂದು ಸೆಟ್. ಅನಂತಪುರ, ಕರ್ನೂಲು, ಸೋಲಾಪುರದ ಕಡೆಯಿಂದ ಗಿರಾಕಿಗಳು ಬೆಳಿಗ್ಗೆಯಿಂದ ಫೋನ್ ಮಾಡುತ್ತಾರೆ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಎಲ್ಲರದ್ದೂ ಒಂದೇ ಪ್ರಶ್ನೆ. 34ಕ್ಕೆ ಸೊಂಟ ನಿಜವಾಗಿ ಎಷ್ಟು ಬರುತ್ತೆ, ಉದ್ದ ಎಷ್ಟು, ಕೆಳಗಡೆ ಬಾಟಮ್ ಎಷ್ಟು, ಯಾವ ವಾಷು, ರೇಟು ಎಷ್ಟು. ಇದನ್ನೇ ದಿನಕ್ಕೆ ಮೂವತ್ತು ಸಲ ಹೇಳಿ ಹೇಳಿ ಗಂಟಲು ಒಣಗಿ ವೆಬ್‌ಸೈಟ್ ಮಾಡಿಸೋಣ ಅಂದುಕೊಂಡೆ. ಹನ್ನೆರಡು ಸಾವಿರ ಡಿಸೈನ್‌ಗೆ, ಆಮೇಲೆ ವರ್ಷಕ್ಕೆ ಮೂರೂವರೆ ಸಾವಿರ ಸೈಟಿನ ಹೆಸರು ಮತ್ತು ಇಂಟರ್ನೆಟ್ಟಿನಲ್ಲಿ ಅದಿರುವ ಜಾಗದ ಬಾಡಿಗೆ. ಕಡಿಮೆಯೇ ಅನ್ನಿಸಿತು.

ದಸರಾಕ್ಕೆ ಸೈಟ್ ರೆಡಿ ಆಯ್ತು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮೇಲೆ ಬಳ್ಳಾರಿ ಗುಡ್ಡದ ಫೋಟೋ, ಕೆಳಗೆ ಮೂರು ಮೂರು ಪ್ಯಾಂಟುಗಳ ಸಾಲು, ಒಂದೊಂದಕ್ಕೂ ಹೆಸರು, ಚಿತ್ರ, ರೇಟು. ಇನ್ನೊಂದು ಪುಟದಲ್ಲಿ ಅಳತೆಗಳ ಚಾರ್ಟು, ನೀಲಿ ಗೆರೆ, ಹಳದಿ ಹಿನ್ನೆಲೆ, ದಪ್ಪ ಅಕ್ಷರ. ಬ್ಯಾಲೆನ್ಸ್ ದುಡ್ಡು ಕೊಟ್ಟು, ಒಗ್ಗರಣೆ ಮಿರ್ಚಿ ತಿನ್ನಿಸಿ ಕಳಿಸಿದೆ.

ದೀಪಾವಳಿಗೆ ನನ್ನ ಅಕ್ಕನ ಮಗ ಬಂದ. ಹೊಸಪೇಟೆಯಲ್ಲಿ ಬ್ಯಾಂಕ್ ಕೆಲಸ ಅವನದು. ಹುಟ್ಟಿನಿಂದ ಕಣ್ಣು ಕಾಣಲ್ಲ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡಿದ್ದಾನೆ, ಪರದೆ ಮೇಲೆ ಇರೋದನ್ನ ಅದು ಓದಿ ಹೇಳುತ್ತೆ, ಅದಕ್ಕೇ ಇಂಥದ್ದಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅನ್ನುವವರು ಶುರು ಮಾಡಿದ್ದಂತೆ, ಅವರಿಗೂ ಕಣ್ಣು ಕಾಣಲ್ಲ, ಜೊತೆಗೆ ಸೇರಿದ ಜೇಮ್ಸ್ ಟೆ ಅವರಿಗೂ ಕಾಣಲ್ಲ. ಇಂಥ ಸಾಫ್ಟ್‌ವೇರಿಗೆ ಆಗ ತುಂಬಾ ದುಡ್ಡು ಕೊಡಬೇಕಿತ್ತು, ಅದಕ್ಕೇ ತಾವೇ ಮಾಡಿ ಸುಮ್ನೆ ಹಂಚಿಬಿಟ್ಟರು. ಅದನ್ನ ಹೇಳುವಾಗ ಹುಡುಗನ ಮುಖ ನೋಡಬೇಕಿತ್ತು.

ನಾನು ಹೆಮ್ಮೆಯಿಂದ, ನೋಡಪ್ಪ ನಮ್ಮ ಸೈಟು ಅಂದೆ. ನೋಡು ಅಂದಿದ್ದಕ್ಕೆ ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಹೆಡ್‌ಫೋನ್ ತೆಗೆದು ನನಗೂ ಕೇಳುವ ಹಾಗೆ ಜೋರಾಗಿ ಇಟ್ಟ. ಶುರುವಾಯ್ತು ನೋಡಿ. ಟೇಬಲ್, ಇಷ್ಟು ಸಾಲು, ಮೂರು ಕಾಲಂ. ಸಾಲು ಒಂದು, ಕಾಲಂ ಒಂದು. ಒಳಗೆ ಇನ್ನೊಂದು ಟೇಬಲ್. ಖಾಲಿ. ಕಾಲಂ ಎರಡು. ಖಾಲಿ. ಎಲ್ಲೋ ನಡುವೆ ನಮ್ಮ ಅಂಗಡಿ ಹೆಸರು ಬಂದು ಹೋಯ್ತು. ಆಮೇಲೆ ಪ್ಯಾಂಟುಗಳು. ಸ್ಲಿಮ್ ಸ್ಟ್ರೆಚ್, ಬೂಟ್‌ಕಟ್, ಕಾರ್ಗೋ. ಗ್ರಾಫಿಕ್ ಇಮೇಜ್, ಗ್ರಾಫಿಕ್ ಇಮೇಜ್, ಗ್ರಾಫಿಕ್ ಇಮೇಜ್. 420, 465, 510.

"ಮಾಮಾ, ಬೂಟ್‌ಕಟ್‌ಗೆ ಎಷ್ಟು?" ಅಂದ.

465 ಅಂದೆ.

"ನಿನಗೆ ಕಾಣುತ್ತೆ, ಅದಕ್ಕೆ ಗೊತ್ತು. ನನಗೆ ಮೂರು ಹೆಸರು ಹೇಳಿ, ಮೂರು ಚಿತ್ರ ಅಂದು, ಆಮೇಲೆ ಮೂರು ರೇಟು ಉದುರಿಸಿದರೆ ಯಾವುದು ಯಾವುದಕ್ಕೆ ಅಂತ ಹೆಂಗೆ ಜೋಡಿಸಲಿ? ಇದು ಅಂಗಡಿನಾ, ಚದುರಂಗದ ಮಣೆನಾ?"

ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದು ಬಾರದ ಅಜ್ಜಿಗೆ ಬೋರ್ಡು ಓದಿ ಹೇಳುತ್ತೀವಲ್ಲ, ಅದನ್ನ ನೆನೆಸಿಕೊಳ್ಳಿ. ಸಿರುಗುಪ್ಪ ಎಂಟು ಗಂಟೆಗೆ, ಸಂಡೂರು ಎಂಟೂಕಾಲಿಗೆ ಅಂತ ಊರಿನ ಜೊತೆಗೇ ಟೈಮು ಹೇಳುತ್ತೀವಿ. ಮೊದಲು ಎಲ್ಲ ಊರಿನ ಹೆಸರು ಹೇಳಿ, ಆಮೇಲೆ ಎಲ್ಲ ಟೈಮು ಹೇಳಿದರೆ ಅಜ್ಜಿ ಕೋಲು ಎತ್ತುತ್ತಾಳೆ. ನಮ್ಮ ಸೈಟು ಅದನ್ನೇ ಮಾಡುತ್ತಿತ್ತು. ಸ್ಕ್ರೀನ್ ರೀಡರ್ ಟೇಬಲನ್ನು ಅಡ್ಡ ಸಾಲಿನ ಪ್ರಕಾರ ಓದುತ್ತೆ, ಒಂದು ಸಾಲು ಮುಗಿಸಿ ಕೆಳಗಿನ ಸಾಲಿಗೆ ಬರುತ್ತೆ. ನಮ್ಮ ಡಿಸೈನರು ಗೆರೆ ಕಾಣದ ಟೇಬಲ್ ಮಾಡಿ, ಮೂರು ಪ್ಯಾಂಟಿನ ಹೆಸರನ್ನು ಒಂದು ಸಾಲಿಗೆ, ಚಿತ್ರಗಳನ್ನು ಕೆಳಗಿನ ಸಾಲಿಗೆ, ರೇಟುಗಳನ್ನು ಅದರ ಕೆಳಗಿನ ಸಾಲಿಗೆ ಹಾಕಿದ್ದರು. ಕಣ್ಣಿಗೆ ಒಂದರ ಕೆಳಗೊಂದು ನೇರ ಕಾಣುತ್ತೆ. ಕಿವಿಗೆ ಬರೀ ಗಲಾಟೆ.

ಆಮೇಲೆ ಅವನು ಅಳತೆಯ ಪುಟಕ್ಕೆ ಹೋಗಿ ಟಿ ಅಕ್ಷರದ ಕೀ ಒತ್ತಿದ. ಎನ್‌ವಿಡಿಎಯಲ್ಲಿ ಟಿ ಒತ್ತಿದರೆ ಪುಟದಲ್ಲಿರುವ ಮುಂದಿನ ಟೇಬಲ್‌ಗೆ ಹಾರುತ್ತೆ. ಸೈಜ್ ಚಾರ್ಟ್ ಹುಡುಕಲು ಇದೇ ಸುಲಭದ ದಾರಿ ಅಂದ. ಒತ್ತಿದ, ಮೆನು ಇಟ್ಟಿದ್ದ ಟೇಬಲ್ ಸಿಕ್ಕಿತು. ಮತ್ತೆ ಒತ್ತಿದ, ಫೋನ್ ನಂಬರ್ ಇಟ್ಟಿದ್ದ ಟೇಬಲ್. ಮತ್ತೆ ಒತ್ತಿದ, ಕೆಳಗಡೆಯ ಅಡ್ರೆಸ್. ಚಾರ್ಟ್ ಸಿಗಲೇ ಇಲ್ಲ. ಯಾಕೆ ಅಂದರೆ ಪುಟದಲ್ಲಿ ಎಲ್ಲವೂ ಟೇಬಲ್, ಅಳತೆಯ ಚಾರ್ಟೊಂದು ಬಿಟ್ಟು. ಅದು ಒಂದು ಫೋಟೋ. ಡಿಟಿಪಿಯವರ ಹತ್ತಿರ ಮಾಡಿಸಿದ ಹಳೆ ಪಾಂಪ್ಲೆಟ್‌ನಿಂದ ಕತ್ತರಿಸಿ ಅಂಟಿಸಿದ್ದು. ಒತ್ತಿದರೆ ದೊಡ್ಡದಾಗುವ ಹಾಗೆ ಲಿಂಕ್ ಬೇರೆ ಕೊಟ್ಟಿದ್ದರು, ವಿವರಣೆ ಬರೆದಿರಲಿಲ್ಲ. ಹಾಗಾಗಿ ಸ್ಕ್ರೀನ್ ರೀಡರ್ ಫೈಲಿನ ಹೆಸರನ್ನೇ ಓದಿತು: ಸೈಜ್ ಅಂಡರ್‌ಸ್ಕೋರ್ ಫೈನಲ್ ಅಂಡರ್‌ಸ್ಕೋರ್ ನ್ಯೂ ಎರಡು. ನನ್ನ ಇಡೀ ವ್ಯಾಪಾರದ ಅಳತೆ ಅದೊಂದು ಫೈಲಿನ ಹೆಸರಾಗಿ ಮುಗಿದುಹೋಯ್ತು.

ಟೇಬಲ್ ಬೇಡವಾದ ಕಡೆಯೆಲ್ಲ ಟೇಬಲ್, ಬೇಕಾದ ಒಂದೇ ಒಂದು ಕಡೆ ಇಲ್ಲ. ಇದೇ ನನ್ನ ದೂರು. ಉಳಿದದ್ದೆಲ್ಲ ಇದರ ಬಾಲ.

ಕಣ್ಣು ಕಾಣದವರು ಎಷ್ಟು ಜನ ಜೀನ್ಸ್ ಹೋಲ್‌ಸೇಲ್ ತಗೋತಾರೆ ಅಂತ ನೀವು ಕೇಳಬಹುದು. ಅಂಗಡಿಯವರೂ ಅದನ್ನೇ ಕೇಳಿದರು. ಆದರೆ ಆಮೇಲೆ ಯೋಚನೆ ಮಾಡಿದರೆ ಕಣ್ಣು ಕಾಣುವ ಗಿರಾಕಿಗಳೂ ಒದ್ದಾಡುತ್ತಿದ್ದರು, ನನಗೆ ಗೊತ್ತಾಗಿರಲಿಲ್ಲ ಅಷ್ಟೆ. ಸೈಟ್ ಮಾಡಿಸಿದ ಮೇಲೂ ಫೋನು ಕಡಿಮೆ ಆಗಿರಲಿಲ್ಲ. ಅನಂತಪುರದ ಗಿರಾಕಿಯೊಬ್ಬರು ಅರವತ್ತು ದಾಟಿದವರು, ಚಿಕ್ಕ ಫೋನು, ಚಾರ್ಟ್ ದೊಡ್ಡದು ಮಾಡಿದರೆ ಅಕ್ಷರ ಮಂಜು ಮಂಜು ಅಂತಿದ್ದರು. ನಾನು ಕನ್ನಡಕ ಬದಲಾಯಿಸಿ ಅಂತ ತಮಾಷೆ ಮಾಡಿದ್ದೆ. ತಪ್ಪು ಕನ್ನಡಕದ್ದಲ್ಲ. ಫೋಟೋ ಹಿಗ್ಗಿಸಿದರೆ ಒಡೆಯುತ್ತೆ, ಅಕ್ಷರ ಹಿಗ್ಗಿಸಿದರೆ ಒಡೆಯಲ್ಲ. ಇನ್ನೊಬ್ಬರು ಅಳತೆ ಕಾಪಿ ಮಾಡಿ ತಮ್ಮ ಹುಡುಗನಿಗೆ ಕಳಿಸಲು ನೋಡಿ ಆಗದೆ ಕೈಯಲ್ಲಿ ಬರೆದುಕೊಂಡು 32ರ ಉದ್ದಕ್ಕೆ 34ರದ್ದು ಬರೆದಿದ್ದರು. ಒಂದು ಬಂಡಲ್ ವಾಪಸ್ ಬಂತು. ಲಾರಿ ಬಾಡಿಗೆ ನನ್ನದೇ. ಮತ್ತೆ ವಾಷಿಂಗ್ ರೇಟು ಹೆಚ್ಚಾದಾಗಲೆಲ್ಲ ಫೋಟೋ ಹೊಸದಾಗಿ ಮಾಡಿಸಬೇಕು, ಪ್ರತಿ ಸಲ ಇನ್ನೂರು ರೂಪಾಯಿ, ಎರಡು ದಿನ ಕಾಯಬೇಕು. ಈ ಇನ್ನೂರರ ಲೆಕ್ಕ ನನಗೆ ಮೊದಲೇ ಹೇಳಿರಲಿಲ್ಲ. ಅರ್ಧ ಸ್ಟಾರ್ ಕಡಿಮೆ ಆಗಿದ್ದು ಅದಕ್ಕೇ.

ಸರಿ, ಅಂಗಡಿಗೆ ಹೋದೆವು, ಇಬ್ಬರೂ. ಅಂಗಡಿಯ ಯಜಮಾನರು ಒಳ್ಳೆಯ ಮನುಷ್ಯ, ಮಾತು ಜಾಸ್ತಿ. 2000ದ ಹೊತ್ತಿಗೇ ಕೆಲಸ ಕಲಿತವರು, ಆಗ ಮಾಡಿಟ್ಟ ಒಂದು ಮಾದರಿಯನ್ನೇ ಇವತ್ತಿಗೂ ಬಣ್ಣ ಬದಲಾಯಿಸಿ ಎಲ್ಲರಿಗೂ ಕೊಡುತ್ತಿದ್ದಾರೆ. ಕಲ್ಯಾಣ ಮಂಟಪಕ್ಕೂ ಅದೇ, ಸ್ಕ್ಯಾನಿಂಗ್ ಸೆಂಟರಿಗೂ ಅದೇ, ನನ್ನ ಜೀನ್ಸಿಗೂ ಅದೇ. ಅವರ ಪರವಾಗಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಪುಟವನ್ನು ಟೇಬಲ್‌ನಿಂದ ಕಟ್ಟೋದು ತಪ್ಪು ಅಂತ ಯಾರೂ ಅಂದುಕೊಂಡಿರಲಿಲ್ಲ. 1995ರ ಹೊತ್ತಿಗೆ ನೆಟ್‌ಸ್ಕೇಪ್ ಬ್ರೌಸರಿಗೆ ಟೇಬಲ್ ಬಂತು. ಪುಟದಲ್ಲಿ ಎಡ, ಬಲ, ನಡು ಅಂತ ಜಾಗ ಹಂಚಲು ಬೇರೆ ದಾರಿಯೇ ಇರಲಿಲ್ಲ. ಜನ ಗೆರೆ ಕಾಣದ ಟೇಬಲ್ ಹಾಕಿ, ಅದರೊಳಗೆ ಇನ್ನೊಂದು ಹಾಕಿ, ಜಾಗ ಬಿಡಲು ಕಣ್ಣಿಗೇ ಕಾಣದ ಒಂದು ಚುಕ್ಕೆಯ ಚಿತ್ರವನ್ನು ಎಳೆದು ತುಂಬಿಸಿ ಪುಟ ಕಟ್ಟುತ್ತಿದ್ದರು. ಪುಟದ ಅಂದ, ಜೋಡಣೆ ಹೇಗಿರಬೇಕು ಅಂತ ಬ್ರೌಸರಿಗೆ ಹೇಳುವ ಸಿಎಸ್‌ಎಸ್ 1996ರಲ್ಲೇ ಬಂದರೂ ಬ್ರೌಸರ್‌ಗಳು ಅದನ್ನು ಸರಿಯಾಗಿ ತೋರಿಸಲು ವರ್ಷಗಟ್ಟಲೆ ಹಿಡಿಯಿತು. ಆದರೆ ವೆಬ್ ಪುಟ ಬರೆಯುವ ಭಾಷೆಗೆ 1999ರಲ್ಲಿ ಬಂದ ನಿಯಮ ಎಚ್‌ಟಿಎಂಎಲ್ 4.01ರಲ್ಲೇ, ಬರೀ ಪುಟದ ಜೋಡಣೆಗೋಸ್ಕರ ಟೇಬಲ್ ಬಳಸಬೇಡಿ ಅಂತ ಬರೆದಿದೆ. ಅಂದರೆ ನಮ್ಮ ಯಜಮಾನರು ಕೆಲಸ ಕಲಿಯುವ ಹೊತ್ತಿಗೇ ಆ ಪದ್ಧತಿ ಬೇಡ ಅಂತ ಆಗಿತ್ತು.

ಅಕ್ಕನ ಮಗ ಅವರಿಗೆ ಇದನ್ನ ಹೇಳಿದಾಗ ಅವರು ಸುಮ್ಮನೆ ಕೂರಲಿಲ್ಲ. "ಹಾಗಾದರೆ ಬ್ಯಾಂಕಿನವರು, ಕಂಪನಿಯವರು ಕಳಿಸೋ ಇಮೇಲ್‌ಗಳು ಒಳಗೆಲ್ಲ ಟೇಬಲ್ಲೇ ಅಲ್ಲವೇನ್ರೀ?" ಅಂದರು. ಹುಡುಗ ನಕ್ಕುಬಿಟ್ಟ, ಅದು ನಿಜ ಅಂದ. ವಿಂಡೋಸ್‌ನ ಔಟ್‌ಲುಕ್ ಅನ್ನೋ ಮೇಲ್ ಸಾಫ್ಟ್‌ವೇರ್ 2007ರಿಂದ ಮೇಲ್ ತೋರಿಸಲು ವರ್ಡ್ ಸಾಫ್ಟ್‌ವೇರಿನ ಎಂಜಿನ್ನನ್ನೇ ಬಳಸಿತು, ಹೊಸ ಸಿಎಸ್‌ಎಸ್ ಅದಕ್ಕೆ ಅರ್ಥ ಆಗಲ್ಲ, ಹಾಗಾಗಿ ಮೇಲ್ ಮಾಡುವವರು ಇವತ್ತಿಗೂ ಟೇಬಲ್ ಬಿಟ್ಟಿಲ್ಲ. ಆದರೆ ತಿಳಿದವರು ಅಂಥ ಟೇಬಲ್‌ಗೆ ರೋಲ್ ಪ್ರೆಸೆಂಟೇಶನ್ ಅಂತ ಒಂದು ಗುರುತು ಹಾಕುತ್ತಾರೆ. ಇದು ಬರೀ ಜೋಡಣೆಗೆ, ಪಟ್ಟಿಯಲ್ಲ ಅಂತ ಸ್ಕ್ರೀನ್ ರೀಡರಿಗೆ ಹೇಳುವ ಗುರುತು. ಅದು ಇದ್ದರೆ ಸಾಲು ಒಂದು ಕಾಲಂ ಎರಡು ಅಂತ ಎಣಿಸದೆ ಒಳಗಿನ ಮಾತನ್ನು ಮಾತ್ರ ಓದುತ್ತೆ. ಓದುವ ಕ್ರಮ ಮಾತ್ರ ಅದರಿಂದ ಬದಲಾಗಲ್ಲ, ಅದನ್ನ ನಾವೇ ಸರಿಯಾಗಿ ಬರೆದಿರಬೇಕು.

ಗುರುತಿಲ್ಲದ ಟೇಬಲ್ ಕಂಡರೆ ಇದು ಜೋಡಣೆಗೋ ಪಟ್ಟಿಗೋ ಅಂತ ಬ್ರೌಸರ್ ತಾನೇ ಊಹೆ ಮಾಡುತ್ತಂತೆ. ಜೋಡಣೆಯದು ಅನ್ನಿಸಿದರೆ ಎನ್‌ವಿಡಿಎ ಅದನ್ನ ಟೇಬಲ್ ಅಂತ ಹೇಳೋದೇ ಇಲ್ಲ. ಹಾಗಿದ್ದರೆ ನಮ್ಮ ಸೈಟಿನಲ್ಲಿ ಯಾಕೆ ಬಡಬಡಿಸಿತು? ಯಜಮಾನರ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕೋಡ್ ತೆಗೆದು ನೋಡಿ ಕಂಡುಹಿಡಿದಳು. ಅಕ್ಷರ ದಪ್ಪ ಕಾಣಲಿ, ನಡುವಿಗೆ ಬರಲಿ ಅಂತ ಎಲ್ಲ ಕಡೆ ಟಿಎಚ್ ಟ್ಯಾಗ್ ಹಾಕಿದ್ದರು. ಟಿಎಚ್ ಅಂದರೆ ಶೀರ್ಷಿಕೆಯ ಖಾನೆ. ಅದನ್ನ ಕಂಡರೆ ಬ್ರೌಸರ್ ಇದು ನಿಜವಾದ ಪಟ್ಟಿಯೇ ಅಂದುಕೊಳ್ಳುತ್ತೆ. ದಪ್ಪ ಅಕ್ಷರದ ಆಸೆಗೆ ಇಡೀ ಪುಟ ಚದುರಂಗದ ಮಣೆ ಆಗಿತ್ತು. ಈ ಹುಡುಗಿ ಇಲ್ಲದಿದ್ದರೆ ನನ್ನ ರೇಟಿಂಗ್ ಇವತ್ತಿಗೂ ಒಂದೂವರೆಯೇ.

ಅವಳೇ ಕೂತು ಪ್ಯಾಂಟುಗಳ ಪುಟವನ್ನ ಸಿಎಸ್‌ಎಸ್ ಗ್ರಿಡ್‌ನಿಂದ ಮತ್ತೆ ಕಟ್ಟಿದಳು. ಈಗ ಒಂದು ಪ್ಯಾಂಟಿನ ಹೆಸರು, ಚಿತ್ರ, ರೇಟು ಒಟ್ಟಿಗೆ ಇರುತ್ತೆ, ಆಮೇಲೆ ಮುಂದಿನ ಪ್ಯಾಂಟು. ಕಂಪ್ಯೂಟರಿನಲ್ಲಿ ಮೂರು ಮೂರು ಕಾಣುತ್ತೆ, ಫೋನಿನಲ್ಲಿ ಒಂದರ ಕೆಳಗೊಂದು ತಾನೇ ಬರುತ್ತೆ. ಇದಕ್ಕೆ ಅವಳಿಗೆ ಹಿಡಿದಿದ್ದು ಒಂದು ಮಧ್ಯಾಹ್ನ.

ಚಾರ್ಟ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಫೋಟೋ ತೆಗೆದು ನಿಜವಾದ ಟೇಬಲ್ ಹಾಕಿ ಅಂದಿದ್ದಕ್ಕೆ ಮೊದಲು ಪಾಂಪ್ಲೆಟ್ ಫೈಲಿನಿಂದ ಅಕ್ಷರಗಳನ್ನ ಎತ್ತಿ ಹಾಗೇ ಅಂಟಿಸಿದರು. ಆ ಫೈಲು ಹಳೆ ನುಡಿ ಫಾಂಟಿನದು, ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅವರ ಕಂಪ್ಯೂಟರಿನಲ್ಲಿ ಫಾಂಟ್ ಇತ್ತು, ಕನ್ನಡ ಕಾಣಿಸಿತು. ನನ್ನ ಫೋನಿನಲ್ಲಿ ನೋಡಿದರೆ ಸೊಂಟ, ಉದ್ದ ಅನ್ನೋ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಕಸ. ಸ್ಕ್ರೀನ್ ರೀಡರ್ ಆ ಕಸವನ್ನೇ ಶ್ರದ್ಧೆಯಿಂದ ಓದಿತು, ಹುಡುಗ ಬಿದ್ದು ಬಿದ್ದು ನಕ್ಕ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಹಳೆ ಫೈಲುಗಳೆಲ್ಲ ಹೀಗೇ ಇರುತ್ತವೆ, ನಿಮ್ಮದೂ ಅಂಥದ್ದೇ ಇದ್ದರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಂಡು ಆಮೇಲೆ ಸೈಟಿಗೆ ಕೊಡಿ. ಹಾಗೇ ಪುಟದ ಭಾಷೆ ಇಂಗ್ಲಿಷ್ ಅಂತ ಕೋಡಿನಲ್ಲಿ ಬರೆದಿತ್ತು. ಅದನ್ನ ಕನ್ನಡ ಅಂತ ಬದಲಾಯಿಸಿದ ಮೇಲೆ ಎನ್‌ವಿಡಿಎ ತಾನಾಗೇ ಕನ್ನಡದ ದನಿಗೆ ತಿರುಗಿತು. ದನಿ ಸ್ವಲ್ಪ ರೋಬೋ ಥರ ಇದೆ, ಆದರೆ ಕನ್ನಡ.

ಎರಡನೇ ಸಲ ಸರಿಯಾದ ಅಕ್ಷರ ಬಂತು, ಆದರೆ ಟೇಬಲ್ ಇನ್ನೂ ಅರ್ಧಂಬರ್ಧ. ಎಲ್ಲ ಖಾನೆಯೂ ಒಂದೇ ಜಾತಿ. ಈ ಸಲ ಟಿಎಚ್ ಎಲ್ಲೂ ಇಲ್ಲ! ಬೇಡವಾದ ಕಡೆ ಸುರಿದಿದ್ದರು, ಬೇಕಾದ ಕಡೆ ಹಾಕಲಿಲ್ಲ. ಹುಡುಗ ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀಗಳಿಂದ ಖಾನೆಯಿಂದ ಖಾನೆಗೆ ನಡೆದ. 34, 41, 14 ಅಂತ ಬರೀ ಸಂಖ್ಯೆ. 41 ಏನು, ಸೊಂಟನಾ ಉದ್ದನಾ? ಆ ಹುಡುಗಿ ಮೇಲಿನ ಸಾಲಿನ ಖಾನೆಗಳಿಗೆ ಟಿಎಚ್ ಹಾಕಿ ಸ್ಕೋಪ್ ಕಾಲಂ ಅಂತ ಕೊಟ್ಟಳು, ಎಡಗಡೆಯ ಸೈಜುಗಳಿಗೆ ಸ್ಕೋಪ್ ಸಾಲು ಅಂತ ಕೊಟ್ಟಳು. ಈ ಶೀರ್ಷಿಕೆ ಯಾವ ಕಾಲಂಗೆ, ಯಾವ ಸಾಲಿಗೆ ಸೇರಿದ್ದು ಅಂತ ಹೇಳುವ ಗುರುತು ಅದು. ಈಗ ಅದೇ ಬಾಣದ ಕೀ ಒತ್ತಿದರೆ, ಪಕ್ಕಕ್ಕೆ ಹೋದಾಗ ಉದ್ದ 41 ಇಂಚು ಅನ್ನುತ್ತೆ, ಕೆಳಗೆ ಇಳಿದಾಗ ಸೈಜ್ 36 ಅನ್ನುತ್ತೆ. ಇಷ್ಟೇ ವ್ಯತ್ಯಾಸ. ಕಣ್ಣಿಗೆ ಪುಟ ಹೆಚ್ಚೇನೂ ಬದಲಾಗಲಿಲ್ಲ. ನಾನಂತೂ ಅವತ್ತು ಸುಮ್ನೆ ಕೂತು ಆ ರೋಬೋ ದನಿಯಲ್ಲಿ ನನ್ನದೇ ಅಳತೆಗಳನ್ನ ಎರಡು ಸಲ ಕೇಳಿದೆ.

ಟೇಬಲ್ ತಲೆಯ ಮೇಲೆ ಕ್ಯಾಪ್ಶನ್ ಹಾಕಿಸಿದೆವು, ಗಂಡಸರ ಜೀನ್ಸ್ ಅಳತೆ, ಇಂಚಿನಲ್ಲಿ ಅಂತ. ಟಿ ಒತ್ತಿ ಬಂದವರಿಗೆ ಮೊದಲು ಅದೇ ಕೇಳಿಸುತ್ತೆ, ಮುಂದೆ ಓದಬೇಕೋ ಬೇಡವೋ ಅಲ್ಲೇ ತೀರ್ಮಾನ ಮಾಡಬಹುದು. ಹಳೆ ಚಾರ್ಟಿನಲ್ಲಿ 28 ಮತ್ತು 30ಕ್ಕೆ ಉದ್ದ ಒಂದೇ ಅಂತ ಎರಡು ಖಾನೆ ಸೇರಿಸಿ ಒಂದು ಮಾಡಿದ್ದರು. ಚೆಂದಕ್ಕೆ. ಅದನ್ನ ಬಿಡಿಸಿ ಎರಡರಲ್ಲೂ ಸಂಖ್ಯೆ ಬರೆಸಿದೆವು. ಸೇರಿಸಿದ ಖಾನೆ ಬಂದರೆ ಕೇಳುವವರ ಲೆಕ್ಕ ತಪ್ಪುತ್ತೆ, ಮತ್ತೆ ನನಗೇ ಸಂಖ್ಯೆ ಬದಲಾಯಿಸಲು ತಲೆನೋವು. ಖಾಲಿ ಬಿಟ್ಟಿದ್ದ ಕಡೆ ಇಲ್ಲ ಅಂತ ಬರೆಸಿದೆ. ಖಾಲಿ ಅಂದರೆ ಮಾಲಿಲ್ಲವೋ, ಬರೆಯೋದು ಮರೆತರೋ ಯಾರಿಗೆ ಗೊತ್ತು.

ಬಣ್ಣದ ವಿಷಯ ನನಗೆ ಹೊಳೆದಿರಲೇ ಇಲ್ಲ. ಸ್ಟಾಕ್ ಇರೋದು ಹಸಿರು ಖಾನೆ, ಮುಗಿದಿದ್ದು ಕೆಂಪು ಖಾನೆ. ನನ್ನ ಐಡಿಯಾನೇ ಅದು, ಹೆಮ್ಮೆಯೂ ಇತ್ತು. ಸ್ಕ್ರೀನ್ ರೀಡರಿಗೆ ಬಣ್ಣದ ಅರ್ಥ ಗೊತ್ತಾಗಲ್ಲ ಅಂತ ಹುಡುಗ ಹೇಳಿದ, ಸರಿ. ಆದರೆ ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದ ಗಂಡಸರು ಬೇಕಾದಷ್ಟಿದ್ದಾರೆ ಅಂದಾಗ ನಮ್ಮ ಕಟಿಂಗ್ ಮಾಸ್ತರ ನೆನಪಾಯ್ತು. ದಾರದ ಬಣ್ಣ ಆರಿಸುವಾಗ ಯಾವಾಗಲೂ ಪಕ್ಕದವರನ್ನ ಕೇಳುತ್ತಾರೆ. ಇಪ್ಪತ್ತು ವರ್ಷದಿಂದ ಅದನ್ನ ಅಭ್ಯಾಸ ಅಂದುಕೊಂಡಿದ್ದೆ. ಈಗ ಬಣ್ಣದ ಜೊತೆಗೆ ಇದೆ, ಮುಗಿದಿದೆ ಅಂತ ಮಾತಲ್ಲೂ ಬರೆದಿದ್ದೇವೆ.

ಫೋನಿನ ಗಲಾಟೆ ಇನ್ನೊಂದು. ಆರು ಕಾಲಂ ಟೇಬಲ್ ಸಣ್ಣ ಪರದೆಯಲ್ಲಿ ಹಿಡಿಯಲ್ಲ. ಯಜಮಾನರು ಒಂದು ಉಪಾಯ ಮಾಡಿದರು, ಫೋನಿನಲ್ಲಿ ಮಾತ್ರ ಎಲ್ಲ ಖಾನೆಗಳನ್ನೂ ಸಿಎಸ್‌ಎಸ್‌ನಿಂದ ಬಿಡಿಸಿ ಒಂದರ ಕೆಳಗೊಂದು ಪೇರಿಸಿದರು. ನೋಡಲು ನೀಟು. ಆದರೆ ಹಾಗೆ ಟೇಬಲಿನ ಡಿಸ್‌ಪ್ಲೇ ಬದಲಾಯಿಸಿದರೆ ಕೆಲವು ಬ್ರೌಸರ್‌ಗಳು ಅದನ್ನ ಟೇಬಲ್ ಅಂತಲೇ ಮರೆತುಬಿಡುತ್ತವೆ, ನಾವು ಹಾಕಿದ ಶೀರ್ಷಿಕೆಗಳೆಲ್ಲ ಗಾಳಿಗೆ. ಅಲ್ಲದೆ 32 ಮತ್ತು 34 ಪಕ್ಕಪಕ್ಕ ಇಟ್ಟು ನೋಡಲು ಆಗಲ್ಲ, ಚಾರ್ಟ್ ಇರೋದೇ ಹೋಲಿಸೋದಕ್ಕೆ ಅಲ್ವಾ. ಕೊನೆಗೆ ಟೇಬಲ್ ಹಾಗೇ ಬಿಟ್ಟು, ಅದಕ್ಕೆ ಮಾತ್ರ ಅಡ್ಡಕ್ಕೆ ಸರಿಯುವ ಒಂದು ಚೌಕಟ್ಟು ಕೊಟ್ಟರು. ಬೆರಳಲ್ಲಿ ಎಳೆದರೆ ಟೇಬಲ್ ಸರಿಯುತ್ತೆ, ಉಳಿದ ಪುಟ ಅಲ್ಲಾಡಲ್ಲ. ಮೌಸ್ ಬಳಸದವರು ಟ್ಯಾಬ್ ಕೀಯಿಂದ ಆ ಚೌಕಟ್ಟಿಗೆ ಬಂದು ಬಾಣದ ಕೀಯಿಂದ ಸರಿಸಬಹುದು. ಎಡಗಡೆ ಸೈಜಿನ ಕಾಲಂ ಅಂಟಿಕೊಂಡು ನಿಲ್ಲುತ್ತೆ, ಎಷ್ಟು ಸರಿಸಿದರೂ ಯಾವ ಸೈಜು ನೋಡುತ್ತಿದ್ದೀವಿ ಅಂತ ಮರೆಯಲ್ಲ. 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಅನ್ನೋ, ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅನ್ನುವ ನಿಯಮಾವಳಿಯಲ್ಲಿ, 320 ಪಿಕ್ಸೆಲ್ ಅಗಲದಲ್ಲೂ ಪುಟವನ್ನ ಅಡ್ಡಕ್ಕೆ ಎಳೆಯದೆ ಓದಲು ಆಗಬೇಕು ಅಂತಿದೆ, ಆದರೆ ಇಂಥ ಅಂಕಿ ಅಂಶದ ಟೇಬಲ್‌ಗಳಿಗೆ ಅದರಲ್ಲೇ ರಿಯಾಯಿತಿ ಇದೆ. ಹುಡುಗ ಇದನ್ನ ಹೇಳಿದಾಗ ಯಜಮಾನರು ಅದನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಒಳ್ಳೆಯ ಲಕ್ಷಣ. ಸರ್ಕಾರಿ ಸೈಟುಗಳಿಗೆ 2009ರಿಂದಲೇ ಇಂಥ ಮಾರ್ಗಸೂಚಿ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಬಿಡಿ.

ಒಂದು ವಿಷಯದಲ್ಲಿ ನಾನೇ ಹಟ ಮಾಡಿದೆ. ರೇಟಿನ ಸಂಖ್ಯೆಗಳನ್ನ ಖಾನೆಯ ನಡುವಿಗೆ ಹಾಕಿದ್ದರು. ನನಗೆ ಬಲಕ್ಕೆ ಬೇಕು. ನಮ್ಮಪ್ಪ ಖಾತೆ ಪುಸ್ತಕದಲ್ಲಿ ಬಿಡಿ, ಹತ್ತು, ನೂರು ಒಂದರ ಕೆಳಗೊಂದು ಬರೋ ಹಾಗೆ ಬರೆಯುತ್ತಿದ್ದರು, 95 ಮತ್ತು 1,095 ಪಕ್ಕ ಬಂದರೆ ಉದ್ದ ನೋಡಿಯೇ ಯಾವುದು ದೊಡ್ಡದು ಅಂತ ಗೊತ್ತಾಗಬೇಕು. ನಡುವಿಗೆ ಹಾಕಿದರೆ ಅದು ಮದುವೆ ಕಾರ್ಡ್ ಥರ ಕಾಣುತ್ತೆ. ಈ ಮಾತಿಗೆ ಮೂವರೂ ಒಪ್ಪಿದರು.

ಕೆಲಸ ಮುಗಿಯುವ ಹೊತ್ತಿಗೆ ಸಂಕ್ರಾಂತಿ. ಎರಡೂವರೆ ತಿಂಗಳು ಜಾಸ್ತಿಯಾಯ್ತು, ಅದರಲ್ಲಿ ನಿಜವಾದ ಕೆಲಸ ನಾಲ್ಕು ದಿನದ್ದು, ಉಳಿದಿದ್ದು ನಾಳೆ ಬನ್ನಿ ಅನ್ನೋದು. ಹೆಚ್ಚಿಗೆ ದುಡ್ಡು ಕೇಳಲಿಲ್ಲ, ಅದು ದೊಡ್ಡ ಮಾತು. ನಾನೇ ಆ ಹುಡುಗಿಗೆ ಒಂದು ಜೀನ್ಸ್ ಕೊಟ್ಟೆ, ಸೈಜ್ ಕೇಳಿದ್ದಕ್ಕೆ ಸೈಟಿನ ಚಾರ್ಟ್ ನೋಡಿ ಹೇಳುತ್ತೇನೆ ಅಂದಳು. ಈಗ ರೇಟು ಬದಲಾದರೆ ನಾನೇ ಫೋನಿನಲ್ಲಿ ಆ ಒಂದು ಖಾನೆ ತಿದ್ದುತ್ತೇನೆ, ಇನ್ನೂರು ರೂಪಾಯಿ ಉಳಿಯುತ್ತೆ. ಅನಂತಪುರದ ಗಿರಾಕಿ ಅಳತೆ ಕೇಳೋದು ನಿಲ್ಲಿಸಿದ್ದಾರೆ, ಈಗ ಉದ್ರಿ ಕೇಳಲು ಮಾತ್ರ ಫೋನ್ ಮಾಡುತ್ತಾರೆ.

ನೀವು ಬಳ್ಳಾರಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಇಂಥ ಕೆಲಸ ಕೊಡುವವರಿದ್ದರೆ, ಅವರು ತೋರಿಸುವ ಹಳೆ ಸೈಟಿನಲ್ಲಿ ರೇಟ್ ಪಟ್ಟಿಯ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಅಕ್ಷರ ಆಯ್ಕೆ ಆದರೆ ಅದು ಬರಹ, ಇಡೀ ಚೌಕ ಎದ್ದು ಬಂದರೆ ಫೋಟೋ. ಎದುರಿಗೇ ನಿಂತು ಮಾಡಬಹುದು, ಅರ್ಧ ನಿಮಿಷ ಸಾಕು. ಆಂಡ್ರಾಯ್ಡ್ ಫೋನ್ ಇದ್ದರೆ ಅದರ ಸ್ಕ್ರೀನ್ ರೀಡರ್ ಟಾಕ್‌ಬ್ಯಾಕ್ ಆನ್ ಮಾಡಿ ಒಂದು ಪುಟ ಕೇಳಿ, ಆದರೆ ಆಫ್ ಮಾಡೋದು ಹೇಗೆ ಅಂತ ಮೊದಲೇ ತಿಳಿದುಕೊಳ್ಳಿ. ನಾನು ತಿಳಿಯದೆ ಆನ್ ಮಾಡಿ ಅರ್ಧ ಗಂಟೆ ಪರದಾಡಿದ್ದೇನೆ.

ಇನ್ನು ಬಾಕಿ ಇರೋದು ಒಂದೇ, ನಮ್ಮನ್ನು ಸಂಪರ್ಕಿಸಿ ಅನ್ನೋ ಪುಟ. ಅಲ್ಲಿ ಅಡ್ರೆಸ್ಸು, ಮ್ಯಾಪು, ಫೋನ್ ನಂಬರು ಇನ್ನೂ ಆ ಹಳೆ ಟೇಬಲ್ ಒಳಗೇ ಕೂತಿವೆ, ಒಂದು ಖಾಲಿ ಕಾಲಂ ಸಮೇತ. ಯುಗಾದಿ ಆದ ಮೇಲೆ ಮಾಡಿಕೊಡ್ತೀವಿ ಅಂದಿದ್ದಾರೆ. ಯಾವ ಯುಗಾದಿ ಅಂತ ನಾನು ಕೇಳಲಿಲ್ಲ.